ಗುಳ್ಳೆಯಲ್ಲ, ಮೊಟ್ಟೆಯೇ

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷ ಇದೆ. ಸಂಶೋಧನಾಲಯದ ಹಿಂಬದಿಯ ಇಲಿಮನೆಯಲ್ಲಿ ದೀಪಗಳು ಈಗಷ್ಟೇ ಹೊತ್ತಿಕೊಂಡಿವೆ. ನೀಲಿ ಮೇಲಂಗಿ, ಕಾಗದದ ಟೋಪಿ, ಕೈಗೆ ತೆಳು ಗವಸು ತೊಟ್ಟ ಐವತ್ತೆಂಟರ ಹೆಂಗಸೊಬ್ಬರು ಪಂಜರದ ಮುಚ್ಚಳ ಸರಿಸಿ, ಬಿಳಿ ಇಲಿಯೊಂದನ್ನು ಎತ್ತಿಕೊಳ್ಳುತ್ತಾರೆ. ಕತ್ತಿನ ಹಿಂದಿನ ಸಡಿಲ ಚರ್ಮವನ್ನು ಎರಡೇ ಬೆರಳಲ್ಲಿ ಹಿಡಿದರೆ ಆಯಿತು, ಇಲಿ ಮಗುವಿನ ಹಾಗೆ ಸುಮ್ಮನಾಗುತ್ತದೆ. ಇನ್ನೊಂದು ಕೈಯಲ್ಲಿ ತುದಿ ಉರುಟಾದ ಸಣ್ಣ ಕೊಳವೆ. ಅದರೊಳಗೆ ಒಂದು ಹನಿ ನೀರು. ಆ ಹನಿಯಲ್ಲಿ ಬರಿಗಣ್ಣಿಗೆ ಕಾಣದ ಇನ್ನೂರು ಮರಿಹುಳುಗಳು. "ಬಾರಮ್ಮ ಬಾ, ಒಂದೇ ಗುಟುಕು" ಎಂದು ಅವರು ಮೆಲ್ಲಗೆ ಹೇಳಿ ಹನಿಯನ್ನು ಒಳಗಿಳಿಸುತ್ತಾರೆ. ಇಲಿ ನುಂಗುತ್ತದೆ, ಪಂಜರಕ್ಕೆ ಮರಳಿ ಮುಂಗಾಲಿನಿಂದ ಮುಖ ಒರೆಸಿಕೊಳ್ಳುತ್ತದೆ. ಅಷ್ಟೇ ಕೆಲಸ. ಇಪ್ಪತ್ತು ನಿಮಿಷದಲ್ಲಿ ಇಪ್ಪತ್ತನಾಲ್ಕು ಇಲಿಗಳಿಗೆ ಬೆಳಗಿನ ಉಪಚಾರ ಮುಗಿಯುತ್ತದೆ.

ಒಂದೂ ಕಚ್ಚುವುದಿಲ್ಲವೇ ಎಂದು ಕೇಳಿದರೆ ಅವರಿಗೆ ನಗು. "ಕಚ್ಚಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಇಪ್ಪತ್ತಮೂರು ವರ್ಷದಲ್ಲಿ ಹನ್ನೊಂದು ಸಲ ಕಚ್ಚಿಸಿಕೊಂಡಿದ್ದೀನಿ. ಹನ್ನೊಂದು ಸಲವೂ ತಪ್ಪು ನಂದೇ, ಅವಸರ ಮಾಡಿದ್ದೆ" ಎನ್ನುತ್ತಾರೆ. ಕಚ್ಚಿಸಿಕೊಂಡಿದ್ದಕ್ಕೂ ಲೆಕ್ಕ ಇಟ್ಟಿರುವ ಈ ಮಹಾತಾಯಿಯನ್ನು ಇಲ್ಲಿ ಎಲ್ಲರೂ ಕರೆಯುವುದು ಮೊಟ್ಟೆ ಅಕ್ಕ ಎಂದು.

ಹೆಸರು ಕೇಳಿ ಮೋಸ ಹೋದವರು ಕಡಿಮೆಯೇನಿಲ್ಲ. ಅಕ್ಕನ ಮನೆಯ ಬೀದಿಯ ಕೊನೆಗೆ ಹೊಸದಾಗಿ ಬಾಡಿಗೆಗೆ ಬಂದ ಒಂದು ಸಂಸಾರದವರು ಒಂದು ಸಂಜೆ ಬಾಗಿಲು ತಟ್ಟಿ, ನಿಮ್ಮಲ್ಲಿ ಮೊಟ್ಟೆ ಸಗಟಿಗೆ ಸಿಗುತ್ತದಂತಲ್ಲ, ಒಂದು ಟ್ರೇ ಕೊಡಿ ಎಂದು ಕೇಳಿದ್ದರಂತೆ. ಅಕ್ಕನ ಅತ್ತೆ ಒಳಗಿನಿಂದಲೇ, ಇವಳ ಹತ್ತಿರ ಇರುವ ಮೊಟ್ಟೆ ನಿಮಗೆ ಬೇಡಪ್ಪಾ, ಮುಂದಿನ ಅಂಗಡಿಗೆ ಹೋಗಿ ಎಂದು ಕಳಿಸಿದರಂತೆ. ಅತ್ತೆ ಹೇಳಿದ್ದರಲ್ಲಿ ತಪ್ಪೇನಿಲ್ಲ. ಅಕ್ಕ ಎಣಿಸುವುದು ಇಲಿಯ ಹೊಟ್ಟೆಯೊಳಗೆ ಬಾಳುವ ಹುಳುಗಳ ಮೊಟ್ಟೆಗಳನ್ನು, ಅದೂ ಇಲಿಯ ಹಿಕ್ಕೆಯಲ್ಲಿ ಹುಡುಕಿ ಹುಡುಕಿ.

ಓದುಗರು ಮೂಗು ಮುಚ್ಚಿಕೊಳ್ಳುವ ಮುನ್ನ ಎರಡು ಮಾತು. ಹೊಟ್ಟೆಹುಳು ಇಲಿಗಳಿಗಷ್ಟೇ ಬರುವ ಕಾಯಿಲೆಯಲ್ಲ. ಲೋಕದ ಎಷ್ಟೋ ಮಕ್ಕಳ ಹೊಟ್ಟೆಯಲ್ಲಿ ಇಂಥವೇ ಹುಳುಗಳು ಬಿಟ್ಟಿ ಊಟ ಮಾಡಿಕೊಂಡಿವೆ. ಜ್ವರ ಬಂದರೆ ಮೈ ಬಿಸಿಯಾಗಿ ಹೋರಾಡುತ್ತದೆ. ಆದರೆ ಹುಳು ಬಂದರೆ ಮೈ ಯಾಕೋ ಸುಮ್ಮನಿರುತ್ತದೆ. ಬಂದ ಕಳ್ಳ ಕಾವಲುಗಾರನ ಜೊತೆಗೇ ಸ್ನೇಹ ಬೆಳೆಸಿಕೊಂಡ ಹಾಗೆ, ಹುಳು ದೇಹದ ರೋಗನಿರೋಧಕ ಶಕ್ತಿಯನ್ನು ಮೆತ್ತಗೆ ಮಾಡಿ ತಿಂಗಳುಗಟ್ಟಲೆ ಠಿಕಾಣಿ ಹೂಡುತ್ತದೆ. ಕೊನೆಗೊಂದು ದಿನ ಕೆಲವು ಮೈಗಳು ಎಚ್ಚೆತ್ತು, ಕರುಳಿನ ಲೋಳೆ ಹೆಚ್ಚಿಸಿ ಹುಳುಗಳನ್ನು ಹೊರಗೆ ಜಾರಿಸುತ್ತವೆ. ಕೆಲವು ಮೈಗಳು ಏಳುವುದೇ ಇಲ್ಲ. ಇದು ಹೀಗೇಕೆ, ಎಚ್ಚರಿಸುವುದು ಹೇಗೆ ಎಂದು ತಿಳಿಯುವುದೇ ಇಲ್ಲಿನ ವಿಜ್ಞಾನಿ ಮೇಡಂ ಅವರ ಹದಿನಾಲ್ಕು ವರ್ಷದ ಸಂಶೋಧನೆ.

ಹೊಟ್ಟೆಯೊಳಗೆ ಹುಳು ಇದೆಯೋ ಹೋಯಿತೋ ಎಂದು ಇಲಿಯನ್ನು ಕೊಲ್ಲದೆ ತಿಳಿಯುವ ದಾರಿ ಒಂದೇ. ಹುಳು ಇದ್ದರೆ ಮೊಟ್ಟೆ ಇಡುತ್ತದೆ, ಮೊಟ್ಟೆ ಹಿಕ್ಕೆಯಲ್ಲಿ ಹೊರಬರುತ್ತದೆ. ಮೊಟ್ಟೆ ಕಡಿಮೆಯಾದರೆ ಮೈ ಗೆಲ್ಲುತ್ತಿದೆ ಎಂದರ್ಥ. ಮೇಡಂ ದೊಡ್ಡ ಸಭೆಗಳಲ್ಲಿ ಪರದೆಯ ಮೇಲೆ ತೋರಿಸುವ ಏರಿಳಿತದ ಗೆರೆಗಳೆಲ್ಲ ಹುಟ್ಟುವುದು ಅಕ್ಕನ ಹೆಬ್ಬೆರಳಿನ ತುದಿಯಲ್ಲಿ. ಆ ಹೆಬ್ಬೆರಳು ಒತ್ತುವ ಉಕ್ಕಿನ ಎಣಿಕೆಗುಂಡಿ ಸವೆದು ಹೋಗಿ ಈಗ ಅಕ್ಕನ ಕೈಯಲ್ಲಿರುವುದು ನಾಲ್ಕನೆಯದು.

ಎಂಟು ಗಂಟೆಗೆ ಅಕ್ಕ ಮೇಲಿನ ಮಹಡಿಗೆ ಬಂದು ಮೈಕ್ರೋಸ್ಕೋಪಿನ ಮುಂದೆ ಕೂರುತ್ತಾರೆ. ಹಿಕ್ಕೆಯನ್ನು ತೂಗಿ, ಉಪ್ಪಿನ ನೀರಿನಲ್ಲಿ ಕದಡಿ, ಸೋಸಿ, ಗೆರೆ ಕೊರೆದ ಗಾಜಿನ ಪುಟ್ಟ ಪೆಟ್ಟಿಗೆಗೆ ತುಂಬುತ್ತಾರೆ. ಉಪ್ಪು ಚೆನ್ನಾಗಿ ಕರಗಿಸಿದ ನೀರಲ್ಲಿ ಕೋಳಿಮೊಟ್ಟೆ ತೇಲುವಂತೆ ಹುಳುವಿನ ಮೊಟ್ಟೆಯೂ ತೇಲಿ ಮೇಲೆ ಬರುತ್ತದೆ. ಆಮೇಲೆ ಸಾಲು ಸಾಲಾಗಿ ಎಣಿಸುವುದು. ದಿನಕ್ಕೆ ನಲವತ್ತು ಪೆಟ್ಟಿಗೆ, ಒಂದೊಂದಕ್ಕೆ ನಾಲ್ಕು ನಿಮಿಷ. ಇಪ್ಪತ್ತಮೂರು ವರ್ಷಕ್ಕೆ ಎರಡು ಲಕ್ಷ ದಾಟಿದೆ ಎಂದು ಅಕ್ಕನ ಯಜಮಾನರು ಒಂದು ರಜೆಯ ದಿನ ಕೂತು ಗುಣಿಸಿದ್ದಾರೆ. ಅವರು ಬಟ್ಟೆ ಹೊಲಿಯುವ ಟೈಲರ್, ಅಳತೆ ಎಂದರೆ ಅವರಿಗೆ ಸುಮ್ಮನಿರಲು ಆಗುವುದಿಲ್ಲ.

ಈ ಕೆಲಸದ ದೊಡ್ಡ ಶತ್ರು ಗಾಳಿಗುಳ್ಳೆ. ಗಾಜಿನೊಳಗೆ ಸಿಕ್ಕಿಕೊಂಡ ಸಣ್ಣ ಗುಳ್ಳೆ ಹೊಸಬರ ಕಣ್ಣಿಗೆ ಥೇಟ್ ಮೊಟ್ಟೆಯೇ. ಉರುಟು, ಹೊಳಪು, ಸುತ್ತ ಒಂದು ಗೆರೆ. "ಗುಳ್ಳೆ ಮಿಂಚುತ್ತೆ, ಮೊಟ್ಟೆ ಮಿಂಚಲ್ಲ. ಗುಳ್ಳೆ ಖಾಲಿ, ಮೊಟ್ಟೆ ಒಳಗೆ ದ್ರಾಕ್ಷಿ ಗೊಂಚಲಿನ ಹಾಗೆ ತುಂಬಿರುತ್ತೆ. ಅಷ್ಟೇ ವ್ಯತ್ಯಾಸ" ಎಂದು ಅಕ್ಕ ಸಲೀಸಾಗಿ ಹೇಳುತ್ತಾರೆ. ಆ ಅಷ್ಟೇ ವ್ಯತ್ಯಾಸ ಕಲಿಯಲು ಬಂದವರಿಗೆ ಮೂರು ತಿಂಗಳು ಹಿಡಿಯುತ್ತದೆ.

ಅಕ್ಕ ಇಲ್ಲಿಗೆ ಬಂದಿದ್ದು ಎಣಿಸಲು ಅಲ್ಲ, ತೊಳೆಯಲು. ಮೂವತ್ತೈದರ ವಯಸ್ಸಿನಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದರು. ಆಗ ಇದ್ದ ಹಿರಿಯ ಪ್ರೊಫೆಸರು ಒಂದು ದಿನ ಊಟಕ್ಕೆ ಹೋದಾಗ, ಮೇಜು ಒರೆಸುತ್ತಿದ್ದ ಅಕ್ಕ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಒಂದು ಮೊಟ್ಟೆಯೊಳಗೆ ಮರಿಹುಳು ಹೊರಳಾಡುತ್ತಿತ್ತು. ಅಕ್ಕನಿಗೆ ಕೈಯಲ್ಲಿದ್ದ ಬಟ್ಟೆ ಮರೆತುಹೋಯಿತು, ಹೊತ್ತು ಮರೆತುಹೋಯಿತು. ಪ್ರೊಫೆಸರು ಊಟ ಮುಗಿಸಿ ಬಂದು ಹಿಂದೆ ನಿಂತಿದ್ದೂ ತಿಳಿಯಲಿಲ್ಲ. ತಿರುಗಿ ನೋಡಿದವರೇ, ಕೆಲಸ ಹೋಯಿತು ಎಂದುಕೊಂಡು ಬಟ್ಟೆ ಎತ್ತಿಕೊಂಡು ಪಕ್ಕಕ್ಕೆ ಸರಿದರು. ಅವರು ಬೈಯಲಿಲ್ಲ, ಏನು ಕಂಡಿತು ಎಂದು ಕೇಳಿದರು. ಅಕ್ಕ ಕಂಡಿದ್ದನ್ನು ಕಂಡ ಹಾಗೆ ಹೇಳಿದರು, ಒಂಬತ್ತು ಮೊಟ್ಟೆ, ಒಂದರಲ್ಲಿ ಜೀವ ಅಲುಗುತ್ತಿದೆ ಎಂದು. ಮುಂದಿನ ವಾರದಿಂದ ತೊಳೆಯುವುದರ ಜೊತೆ ಎಣಿಸುವುದೂ ಶುರುವಾಯಿತು. ವರ್ಷ ತುಂಬುವಷ್ಟರಲ್ಲಿ ತೊಳೆಯುವ ಕೆಲಸ ಬೇರೆಯವರ ಪಾಲಾಯಿತು.

ಕಷ್ಟ ಇಲ್ಲವೆಂದಲ್ಲ. ಕತ್ತು ಬಗ್ಗಿಸಿ ಬಗ್ಗಿಸಿ ಹೆಗಲಿನ ನರ ಹಿಡಿದುಕೊಳ್ಳುತ್ತದೆ. ಮದುವೆ ಮನೆಯಲ್ಲಿ ಏನು ಕೆಲಸ ಎಂದು ಕೇಳಿದವರು ಉತ್ತರ ಕೇಳಿ ಅರ್ಧ ಕುರ್ಚಿ ಆಚೆ ಸರಿಯುತ್ತಾರೆ. ಮನೆಯಲ್ಲಂತೂ ಅತ್ತೆಯದು ಕಟ್ಟುನಿಟ್ಟು. ಮೊಣಕೈ ತನಕ ಎರಡು ಸಲ ಸೋಪು ಹಾಕಿ ತೊಳೆದ ಮೇಲೆಯೇ ಅಡುಗೆಮನೆಗೆ ಪ್ರವೇಶ. ಎಂಬತ್ತೊಂದರ ಅತ್ತೆ ನೆಂಟರಿಷ್ಟರ ಮುಂದೆ ಸೊಸೆಯನ್ನು ಪರಿಚಯಿಸುವುದು ಹಿಕ್ಕೆ ಎಣಿಸೋಳು ಎಂದೇ. ಅಕ್ಕನಿಗೆ ಅದರಲ್ಲಿ ಬೇಜಾರಿಲ್ಲ. ಅತ್ತೆ ಹಾಗೆ ಹೇಳುವಾಗ ದನಿಯಲ್ಲಿ ಒಂದು ಚೂರು ಜಂಬ ಇರುತ್ತದೆ ಎಂದು ಅವರ ಗುಮಾನಿ.

ಇಲಿಮನೆ ನೋಡಿಕೊಳ್ಳುವವರನ್ನು ಎಲ್ಲರೂ ಇಲಿ ಅಣ್ಣ ಎನ್ನುತ್ತಾರೆ. ಈ ಅಣ್ಣ ತಂಗಿಯರಿಗೆ ಎಣ್ಣೆ ಸೀಗೆಕಾಯಿ ಸಂಬಂಧ. ಹನ್ನೊಂದು ವರ್ಷದ ಹಿಂದೆ ಯಾರೋ ಇಲಿಕೋಣೆಯ ದೀಪ ಆರಿಸದೆ ಹೋದರು. ನೀನೇ ಎಂದು ಇಲಿ ಅಣ್ಣ, ನಾನಲ್ಲ ಎಂದು ಅಕ್ಕ, ಮಾತಿಗೆ ಮಾತು ಬೆಳೆದು ನಾಲ್ಕು ದಿನ ಇಬ್ಬರೂ ಮುಖ ನೋಡಲಿಲ್ಲ. ಸಾಕ್ಷಿ ಇಲ್ಲದೆ ಬೈಸಿಕೊಂಡ ಅಕ್ಕ ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡರು. ಸಂಶೋಧನಾಲಯದ ರಿಜಿಸ್ಟರಿನಲ್ಲಿ ತಾರೀಖು, ಪಂಜರದ ಸಂಖ್ಯೆ, ತೂಕ, ಮೊಟ್ಟೆ, ಇಷ್ಟಕ್ಕೇ ಜಾಗ. ಅಕ್ಕ ಅದರ ಅಂಚಿನಲ್ಲಿ ಪೆನ್ಸಿಲಿನಿಂದ ತಾವು ಇಲಿಕೋಣೆಗೆ ಹೋದ ಗಂಟೆ, ಬಂದ ಗಂಟೆ ಬರೆಯತೊಡಗಿದರು. ವಿಜ್ಞಾನಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ, ಶುದ್ಧ ಜಗಳದ ತಯಾರಿ.

ಇನ್ನು ಕಳೆದ ವರ್ಷದ ಕಥೆಗೆ ಬರೋಣ. ಅಕ್ಕನ ಎಡಗಣ್ಣಿಗೆ ಪೊರೆ ಬಂತು. ಶಸ್ತ್ರಚಿಕಿತ್ಸೆ ಆಯಿತು, ಎರಡು ವಾರದ ರಜೆ ಮುಗಿಸಿ ಅಕ್ಕ ಮರಳಿದರು. ಕಣ್ಣು ಚೆನ್ನಾಗೇ ಕಾಣುತ್ತಿತ್ತು. ಒಂದೇ ತೊಂದರೆ ಎಂದರೆ ಮುಂಜಾನೆಯ ಕತ್ತಲಲ್ಲಿ ಬಸ್ಸಿಗೆ ಬರುವಾಗ ಎದುರಿನ ವಾಹನಗಳ ಬೆಳಕು ಕಣ್ಣಲ್ಲಿ ಚೆಲ್ಲಾಡಿದಂತಾಗಿ ದಾರಿಯೇ ಕಾಣುತ್ತಿರಲಿಲ್ಲ. ಕೆಲ ದಿನ ಹೊತ್ತೇರಿದ ಮೇಲೆ ಬನ್ನಿ ಎಂದು ಮೇಡಂ ಅವರೇ ಹೇಳಿದರು. ಹಗಲಲ್ಲಿ ಇಲಿಮನೆಯಲ್ಲಿ ಪಂಜರ ತೊಳೆಯುವ ಗಲಾಟೆ. ಹಾಗಾಗಿ ಇಲಿಗಳಿಗೆ ಮರಿಹುಳು ಕುಡಿಸುವ ಕೆಲಸ ಸಂಜೆ ಐದಕ್ಕೆ ಹೋಯಿತು. ಯಾರಿಗೂ ಅದು ದೊಡ್ಡ ವಿಷಯವಾಗಿ ಕಾಣಲಿಲ್ಲ. ಬೆಳಗಿನ ಕೆಲಸ ಸಂಜೆಗೆ ಹೋದರೆ ಹುಳು ಏನು ಸಂಬಳ ಕಡಿತ ಮಾಡುತ್ತದೆಯೇ?

ಎರಡೂವರೆ ತಿಂಗಳ ಮೇಲೆ ಮೇಡಂ ಕೋಣೆಗೆ ಕರೆ ಬಂತು. ಅಲ್ಲಿ ಮೂರನೇ ವರ್ಷದ ಸಂಶೋಧನಾ ವಿದ್ಯಾರ್ಥಿನಿಯೂ ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು. ಅವಳ ಪ್ರಬಂಧವೆಲ್ಲ ನಿಂತಿದ್ದು ಅಕ್ಕನ ಎಣಿಕೆಯ ಮೇಲೆ. ಯಾವಾಗಲೂ ಐದನೇ ವಾರಕ್ಕೆ ಈ ಜಾತಿಯ ಇಲಿಗಳು ಹುಳುಗಳನ್ನು ಓಡಿಸಿ, ಮೊಟ್ಟೆ ಸೊನ್ನೆಗೆ ಹತ್ತಿರ ಬರುತ್ತಿತ್ತು. ಈ ಸಲ ಐದಲ್ಲ, ಆರನೇ ವಾರದಲ್ಲೂ ಮೊಟ್ಟೆ ಬೇಕಾದಷ್ಟು. ಅದೇ ಇಲಿ, ಅದೇ ಹುಳು, ಅದೇ ಆಹಾರ. ಬದಲಾಗಿದ್ದು ಒಂದೇ, ಅಕ್ಕನ ಕಣ್ಣು. ಗುಳ್ಳೆಗಳೂ ಮೊಟ್ಟೆಯ ಲೆಕ್ಕಕ್ಕೆ ಸೇರಿರಬಹುದೇ ಎಂದು ಮೇಡಂ ಬಹಳ ನಯವಾಗಿ ಕೇಳಿದರು. ಎಣಿಸುವ ಕ್ಯಾಮೆರಾ ಯಂತ್ರ ತರಿಸುವ ಯೋಚನೆ ಇದೆ, ನಿವೃತ್ತಿಗೆ ಇನ್ನು ಎರಡು ಚಿಲ್ಲರೆ ವರ್ಷವಷ್ಟೇ, ಅಲ್ಲಿಯ ತನಕ ನೀವು ಗಾಜಿನ ಸಾಮಾನಿನ ಉಗ್ರಾಣ ನೋಡಿಕೊಂಡು ಆರಾಮಾಗಿ ಇರಬಹುದು ಎಂದೂ ಹೇಳಿದರು.

ಆರಾಮ ಎನ್ನುವ ಮಾತು ಅಕ್ಕನಿಗೆ ಕಪಾಳಕ್ಕೆ ಹೊಡೆದಂತಾಯಿತು. ತೊಳೆಯುವ ಗಾಜಿನಿಂದ ಮೇಲೆ ಬಂದವರು ಮತ್ತೆ ಅದೇ ಗಾಜಿನ ಹತ್ತಿರಕ್ಕೆ. ಅವರು ಆಗಲಿ ಮೇಡಂ ಎಂದಷ್ಟೇ ಅಂದು ಎದ್ದು ಬಂದರು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅತ್ತರು. "ಕೆಲಸ ಹೋಗುತ್ತೆ ಅಂತ ಅಲ್ಲ. ಇಷ್ಟು ವರ್ಷ ಎಣಿಸಿದ್ದೂ ಗುಳ್ಳೆನೇ ಇರಬಹುದು ಅಂತ ಯಾರಾದ್ರೂ ಅಂದುಕೊಂಡ್ರೆ? ಅದು ತಡಿಯಕ್ಕೆ ಆಗಲಿಲ್ಲ" ಎಂದು ಈಗ ಹೇಳುವಾಗಲೂ ಅವರ ದನಿ ತುಸು ಇಳಿಯುತ್ತದೆ.

ಮನೆಯಲ್ಲಿ ವಿಷಯ ತಿಳಿದ ಯಜಮಾನರು ಸಮಾಧಾನದ ಮಾತು ಒಂದೂ ಆಡಲಿಲ್ಲ. ಹೊಲಿಗೆ ಯಂತ್ರದ ಪಕ್ಕದ ಡಬ್ಬಿ ತೆಗೆದು, ಎಲ್ಲಕ್ಕಿಂತ ಸಣ್ಣ ಕಣ್ಣಿನ ಮೂರು ಸೂಜಿ ಹುಡುಕಿ, ಕಪ್ಪು ನೂಲಿನ ಜೊತೆ ಹೆಂಡತಿಯ ಕೈಗಿತ್ತರು. ಅಕ್ಕ ಬಲಗಣ್ಣು ಮುಚ್ಚಿ, ಶಸ್ತ್ರಚಿಕಿತ್ಸೆಯಾದ ಎಡಗಣ್ಣಿನಿಂದಲೇ ಮೂರನ್ನೂ ಒಂದೇ ಉಸಿರಿಗೆ ಪೋಣಿಸಿದರು. ಆಮೇಲೆ ಯಜಮಾನರೂ ಪೋಣಿಸಲು ಕೂತರು. ಅವರಿಗೆ ಎರಡನೆಯದಕ್ಕೇ ಬೆವರು ಬಂತು. "ಕಣ್ಣು ಸರಿಯಾಗಿದೆ ಕಣೇ. ಬೇರೆ ಏನೋ ಕೆಟ್ಟಿದೆ, ಹುಡುಕು" ಎಂದು ಸೂಜಿಗಳನ್ನು ಡಬ್ಬಿಗೆ ಹಾಕಿ ಮುಚ್ಚಿದರು. ಮೂಲೆಯ ಮಂಚದಿಂದ ಅತ್ತೆ ಒಂದೇ ಗಾದೆ ಎಸೆದರು, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು. ಗಾದೆ ಯಾರಿಗೆ ಹೇಳಿದ್ದು, ಮಗನಿಗೋ ಸೊಸೆಗೋ ಮೇಡಂಗೋ ಎಂದು ಯಾರಿಗೂ ಗೊತ್ತಾಗಲಿಲ್ಲ. ಆದರೆ ಅಕ್ಕ ಅದನ್ನೇ ಹಿಡಿದುಕೊಂಡು ಮಾರನೆಯ ದಿನ ಮೇಡಂ ಎದುರು ನಿಂತರು.

ಅವರು ಕೇಳಿದ್ದು ಇಷ್ಟೇ. ಇಪ್ಪತ್ತು ಪೆಟ್ಟಿಗೆಗಳನ್ನು ತಾನೂ ಎಣಿಸುತ್ತೇನೆ, ವಿದ್ಯಾರ್ಥಿನಿಯೂ ಎಣಿಸಲಿ, ಒಬ್ಬರ ಅಂಕಿ ಒಬ್ಬರಿಗೆ ಕಾಣುವುದು ಬೇಡ. ತಾನು ಸೋತರೆ ಉಗ್ರಾಣದ ಬೀಗದ ಕೈ ಈಗಲೇ ತೆಗೆದುಕೊಳ್ಳುತ್ತೇನೆ. ಮೇಡಂ ಒಪ್ಪಿದರು. ಇಡೀ ಮಧ್ಯಾಹ್ನ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂತು ಎಣಿಸಿದರು. ಅಕ್ಕನ ಮೊತ್ತ ಒಂದು ಸಾವಿರದ ನೂರ ನಲವತ್ತಾರು. ವಿದ್ಯಾರ್ಥಿನಿಯದು ಒಂದು ಸಾವಿರದ ನೂರ ಐವತ್ತೊಂದು. ಹೆಚ್ಚಿದ್ದ ಐದನ್ನು ಮೂವರೂ ಸೇರಿ ಮತ್ತೆ ನೋಡಿದರು. ಅದರಲ್ಲಿ ನಾಲ್ಕು ಗುಳ್ಳೆ. ಐದನೆಯದು ಬಲಗೆರೆಯ ಮೇಲೆ ಕೂತಿದ್ದ ಮೊಟ್ಟೆ. ಎಡಗೆರೆಯ ಮೇಲಿದ್ದರೆ ಲೆಕ್ಕಕ್ಕೆ, ಬಲಗೆರೆಯ ಮೇಲಿದ್ದರೆ ಬಿಡಬೇಕು ಎನ್ನುವುದು ಇಲ್ಲಿನ ಕಾನೂನು. ವಿದ್ಯಾರ್ಥಿನಿ ನಾಲಿಗೆ ಕಚ್ಚಿಕೊಂಡಳು. ಮೇಡಂ ಅಕ್ಕನ ಕೈ ಹಿಡಿದು ಕ್ಷಮೆ ಕೇಳಿದರು. ಅಂದು ಮೂವರೂ ಒಟ್ಟಿಗೆ ಚಹಾ ಕುಡಿದರು.

ಚಹಾ ಆರುವ ಮೊದಲೇ ಹೊಸ ತಲೆನೋವು ಶುರುವಾಯಿತು. ಕಣ್ಣು ಸರಿಯಿದ್ದರೆ ಮೊಟ್ಟೆಗಳೂ ನಿಜ. ಮೊಟ್ಟೆ ನಿಜವಾದರೆ ಇಲಿಗಳ ಮೈ ಯಾಕೆ ಎಚ್ಚೆತ್ತಿಲ್ಲ? ಆಹಾರದ ಚೀಲ ಬದಲಾಯಿತೇ, ಹುಳುವಿನ ವಂಶವೇ ಕೆಟ್ಟಿತೇ, ಎಲ್ಲ ಪರೀಕ್ಷಿಸಿದರು. ಬೆಟ್ಟ ಅಗೆದರೂ ಇಲಿಯೂ ಸಿಗಲಿಲ್ಲ. ವಿದ್ಯಾರ್ಥಿನಿಗೆ ಒಂದು ವರ್ಷದ ಕೆಲಸ ಕೈಬಿಟ್ಟು ಹೋಗುವ ಹೆದರಿಕೆ, ಊಟವೇ ಸೇರುತ್ತಿರಲಿಲ್ಲ. ಅಕ್ಕ ಮಾತ್ರ ಹಳೆಯ ರಿಜಿಸ್ಟರುಗಳನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆ ತಿರುವುತ್ತಿದ್ದರು. ಅಂಚಿನಲ್ಲಿ ಅವರದೇ ಪೆನ್ಸಿಲ್ ಅಕ್ಷರ. ಆರು ಹತ್ತು. ಆರು ಐದು. ಆರು ಗಂಟೆ. ವರ್ಷಗಟ್ಟಲೆ ಅದೇ. ಆಮೇಲೆ ರಜೆಯ ಖಾಲಿ ಜಾಗ. ಅದರ ಕೆಳಗೆ ಸಂಜೆ ಐದು ಕಾಲು, ಸಂಜೆ ಐದು ಇಪ್ಪತ್ತು, ಐದು ಹತ್ತು. ಮೊಟ್ಟೆ ಇಳಿಯದೇ ಉಳಿದ ಇಲಿಗಳೆಲ್ಲ ಆ ಖಾಲಿ ಜಾಗದ ಕೆಳಗಿನವೇ.

ಎರಡು ದಿನ ಅಕ್ಕ ಇದನ್ನು ಯಾರಿಗೂ ಹೇಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಜನ ಆಡಿಕೊಂಡರೆ ಎಂಬ ಅಳುಕು. ಕಣ್ಣಿನ ಮೇಲಿನ ಅನುಮಾನ ಈಗಷ್ಟೇ ಹೋಗಿದೆ, ತಲೆಯ ಮೇಲೆ ಬರುವುದು ಬೇಡ ಎನಿಸಿತು. ಮೂರನೇ ದಿನ ವಿದ್ಯಾರ್ಥಿನಿಯ ಬಾಡಿದ ಮುಖ ನೋಡಲಾಗದೆ ರಿಜಿಸ್ಟರು ಎತ್ತಿಕೊಂಡು ಹೋಗಿ ಮೇಡಂ ಮೇಜಿನ ಮೇಲಿಟ್ಟರು. "ಮೇಡಂ, ನಾನು ಓದಿದವಳಲ್ಲ. ಆದ್ರೆ ಇಲ್ಲಿ ನೋಡಿ, ಬದಲಾಗಿರೋದು ನನ್ನ ಕಣ್ಣಲ್ಲ, ಗಂಟೆ. ಬೆಳಿಗ್ಗೆ ಹುಳ ಕುಡಿದ ಇಲಿ ಅದನ್ನ ಓಡಿಸುತ್ತೆ. ಸಂಜೆ ಕುಡಿದದ್ದು ಇಟ್ಟುಕೊಳ್ಳುತ್ತೆ."

ಮೇಡಂ ನಗಲಿಲ್ಲ. ಬಹಳ ಹೊತ್ತು ಪೆನ್ಸಿಲ್ ಅಕ್ಷರಗಳ ಮೇಲೆ ಬೆರಳಾಡಿಸಿದರು. ಇದನ್ನೆಲ್ಲ ಯಾಕೆ ಬರೆದಿಟ್ಟಿರಿ ಎಂದು ಕೇಳಿದಾಗ ಅಕ್ಕ ನಾಚಿಕೊಂಡು ದೀಪದ ಜಗಳದ ಕಥೆ ಹೇಳಿದರು. ಆಗ ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, ಇದು ಇಲ್ಲಿಯವರೆಗೆ ಬರೀ ಅನುಮಾನ, ಪರೀಕ್ಷೆ ಮಾಡದೆ ಒಂದು ಮಾತೂ ಹೊರಗೆ ಹೋಗಕೂಡದು ಎಂದರು. ಒಂದೇ ದಿನ, ಒಂದೇ ವಯಸ್ಸಿನ ನಲವತ್ತೆಂಟು ಇಲಿ. ಅರ್ಧಕ್ಕೆ ಬೆಳಿಗ್ಗೆ ಆರಕ್ಕೆ, ಅರ್ಧಕ್ಕೆ ಸಂಜೆ ಐದಕ್ಕೆ ಎಂದು ತೀರ್ಮಾನವಾಯಿತು.

ಅಷ್ಟೊತ್ತಿಗೆ ಅಕ್ಕನ ಕಣ್ಣು ಮುಂಜಾನೆಯ ಬಸ್ಸಿಗೆ ಒಗ್ಗಿತ್ತು. ಎರಡು ಹೊತ್ತೂ ಅವರೇ ಕುಡಿಸಿದರು. ಆದರೆ ಅವರದೊಂದು ಷರತ್ತು ಇತ್ತು. ಕುಡಿಸಿ ಮುಗಿದ ಮೇಲೆ ಪಂಜರಗಳ ಚೀಟಿಗಳನ್ನೆಲ್ಲ ಇಲಿ ಅಣ್ಣ ಕಿತ್ತು ಹೊಸ ಸಂಖ್ಯೆ ಅಂಟಿಸಬೇಕು. ಯಾವುದು ಬೆಳಗಿನದು, ಯಾವುದು ಸಂಜೆಯದು ಎಂಬ ಪಟ್ಟಿ ಲಕೋಟೆಯಲ್ಲಿ ಮುಚ್ಚಿ ಮೇಡಂ ಕಪಾಟಿನಲ್ಲಿ ಇರಬೇಕು. ಎಣಿಕೆ ಮುಗಿಯುವ ತನಕ ಯಾರೂ ಒಡೆಯಬಾರದು. ಅಕ್ಕ ತಮ್ಮನ್ನೇ ಯಾಕೆ ಹೀಗೆ ಕಟ್ಟಿಹಾಕಿಕೊಂಡರು ಎಂದರೆ ಅವರ ಉತ್ತರ ನೇರ. "ನನಗೆ ಅದು ನಿಜ ಆಗಲಿ ಅಂತ ಆಸೆ ಇತ್ತು. ಆಸೆ ಇರೋ ಕಣ್ಣು ಗುಳ್ಳೆನೂ ಮೊಟ್ಟೆ ಅನ್ನುತ್ತೆ."

ಐದು ವಾರ ಎಂದರೆ ಎಷ್ಟು ಉದ್ದ ಎಂದು ಆ ಮನೆಯವರನ್ನು ಕೇಳಬೇಕು. ಯಜಮಾನರು ದಿನವೂ ಊಟಕ್ಕೆ ಕೂತಾಗ ಇವತ್ತು ಎಷ್ಟಾಯಿತು ಎನ್ನುವರು. ಹೇಳುವ ಹಾಗಿಲ್ಲ ಎಂದು ಅಕ್ಕನ ಬಾಯಿಗೆ ಬೀಗ. ಇಲಿ ಅಣ್ಣನದು ಇನ್ನೊಂದು ಪಾಡು. ಗುಟ್ಟು ಗೊತ್ತಿರುವುದು ಅವರಿಗೆ ಮಾತ್ರ, ಮಾತಿನ ಭರದಲ್ಲಿ ಎಲ್ಲಿ ಬಾಯಿ ತಪ್ಪುತ್ತದೋ ಎಂದು ಅಕ್ಕ ಬರುವುದು ಕಂಡರೆ ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗುತ್ತಿದ್ದರು. ಮತ್ತೇನೋ ಜಗಳ ಹತ್ತಿದೆ ಎಂದು ಇಡೀ ಸಂಶೋಧನಾಲಯ ಮಾತಾಡಿಕೊಂಡಿತು.

ಲಕೋಟೆ ಒಡೆದ ದಿನ ಮೇಡಂ ಓದುತ್ತಾ ಹೋದರು, ವಿದ್ಯಾರ್ಥಿನಿ ಹಲಗೆಯ ಮೇಲೆ ಎರಡು ಸಾಲಾಗಿ ಬರೆಯುತ್ತಾ ಹೋದಳು. ಅಕ್ಕ ಬಾಗಿಲ ಹತ್ತಿರ ನಿಂತಿದ್ದರು, ಕೂರಿ ಎಂದರೂ ಕೂರಲಿಲ್ಲ. ಬೆಳಗಿನ ಇಪ್ಪತ್ತನಾಲ್ಕರಲ್ಲಿ ಹತ್ತೊಂಬತ್ತು ಇಲಿಗಳು ಹುಳುಗಳನ್ನು ಹೊರಹಾಕಿದ್ದವು. ಸಂಜೆಯ ಇಪ್ಪತ್ತನಾಲ್ಕರಲ್ಲಿ ಎಂಟೇ ಎಂಟು. ವಿದ್ಯಾರ್ಥಿನಿ ಸೀಮೆಸುಣ್ಣ ಕೆಳಗಿಟ್ಟು ಓಡಿಬಂದು ಅಕ್ಕನನ್ನು ತಬ್ಬಿಕೊಂಡಳು. ಇಲಿ ಅಣ್ಣ ಹೊರಗಿನಿಂದಲೇ, ದೀಪ ಆರಿಸದೆ ಹೋಗಿದ್ದು ನೀನೇ ಅಂತ ಈಗಾದರೂ ಒಪ್ಪಿಕೋ ಎಂದು ಕೂಗಿದರು. ಅಕ್ಕ ಒಪ್ಪಿಕೊಳ್ಳಲಿಲ್ಲ.

ಮೇಡಂ ಹಿಗ್ಗಿದರೂ ಕುಣಿಯಲಿಲ್ಲ. ಒಂದು ಸಲ ಆಗಿದ್ದು ಕಾಕತಾಳೀಯ ಇರಬಹುದು ಎಂದು ಇನ್ನೆರಡು ಸಲ ಮಾಡಿಸಿದರು. ಎರಡನೇ ಸಲ ಹೆಚ್ಚು ಕಡಿಮೆ ಹಾಗೇ ಬಂತು. ಮೂರನೇ ಸಲ ಅಂತರ ಸ್ವಲ್ಪ ಕುಗ್ಗಿತು, ಆದರೆ ದಿಕ್ಕು ಬದಲಾಗಲಿಲ್ಲ. ಮೈಯೊಳಗಿನ ಕಾವಲುಗಾರರಿಗೂ ಪಾಳಿ ಇರಬಹುದು, ಒಂದು ಪಾಳಿಯವರು ಚುರುಕು, ಇನ್ನೊಂದರವರು ತೂಕಡಿಸುವವರು ಎಂದು ಮೇಡಂ ಸರಳವಾಗಿ ವಿವರಿಸುತ್ತಾರೆ. ಇಲಿಗೆ ನಮ್ಮ ರಾತ್ರಿಯೇ ಹಗಲು, ಆದ್ದರಿಂದ ಮನುಷ್ಯರಿಗೆ ಇದು ಹೇಗೆ ಅನ್ವಯಿಸುತ್ತದೆ ಎಂದು ಹೇಳಲು ಇನ್ನೂ ಬಹಳ ದೂರ ನಡೆಯಬೇಕು ಎಂದೂ ಎಚ್ಚರಿಸುತ್ತಾರೆ. ವಿದ್ಯಾರ್ಥಿನಿಯ ಪ್ರಬಂಧ ಈಗ ಈ ಗಂಟೆಯ ವಿಷಯದ ಮೇಲೇ ನಿಂತಿದೆ, ಅವಳಿಗೆ ಊಟವೂ ಸೇರುತ್ತಿದೆ.

ಈ ಕುರಿತ ಲೇಖನ ಅಚ್ಚಾಗುವ ಹಂತದಲ್ಲಿದೆ. ಬರೆದವರ ಸಾಲಿನಲ್ಲಿ ಮೂರನೆಯ ಜಾಗ ಅಕ್ಕನಿಗೆ. ಕರಡನ್ನು ಮನೆಗೆ ಒಯ್ದು ತೋರಿಸಿದಾಗ ಯಜಮಾನರು ಹಾಳೆಯ ಅಂಚುಗಳು ನೇರವಾಗಿವೆಯೇ ಎಂದು ಮೊದಲು ನೋಡಿದರು, ಆಮೇಲೆ ಕಣ್ಣೊರೆಸಿಕೊಂಡರು. ಅತ್ತೆ ಕನ್ನಡಕ ಹಾಕಿ ಸೊಸೆಯ ಹೆಸರಿನ ಮೇಲೆ ಬೆರಳಿಟ್ಟು, ಇದು ಎಷ್ಟು ಜನ ಓದುತ್ತಾರೆ ಎಂದು ಕೇಳಿದರು. ಲೋಕದಲ್ಲೆಲ್ಲ ಸೇರಿ ಒಂದು ಇನ್ನೂರು ಜನ ಇರಬಹುದು ಎಂದು ಅಕ್ಕ ಹೇಳಿದರು. ನಮ್ಮ ಕಡೆಯ ಮದುವೆಗೆ ಅದಕ್ಕಿಂತ ಹೆಚ್ಚು ಜನ ಬರುತ್ತಾರೆ ಎಂದು ಅತ್ತೆ ಹಾಳೆ ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡರು. ಮಾರನೆಯ ದಿನ ಕೇಳಿದರೂ ವಾಪಸು ಕೊಡಲಿಲ್ಲ.

ಉಗ್ರಾಣದ ಮಾತು ಈಗ ಯಾರೂ ಎತ್ತುವುದಿಲ್ಲ. ಕ್ಯಾಮೆರಾ ಯಂತ್ರ ಬಂದಿದೆ, ಅಕ್ಕನ ಮೇಜಿನ ಪಕ್ಕದಲ್ಲೇ ಕೂತಿದೆ. ಸದ್ಯಕ್ಕೆ ಅದು ಗುಳ್ಳೆಗಳನ್ನು ಧಾರಾಳವಾಗಿ ಎಣಿಸುತ್ತದೆ. ಅದಕ್ಕೆ ಮೊಟ್ಟೆ ಯಾವುದು, ಗುಳ್ಳೆ ಯಾವುದು ಎಂದು ಕಲಿಸುವ ಕೆಲಸ ಅಕ್ಕನದೇ. ಹೊಸ ಸೊಸೆಗೆ ಕಲಿಸಿದ ಹಾಗೆ ತಾಳ್ಮೆಯಿಂದ ಒಂದೊಂದು ಚಿತ್ರಕ್ಕೂ ಇದು ಹೌದು, ಇದು ಅಲ್ಲ ಎಂದು ಗುರುತು ಹಾಕುತ್ತಾರೆ. ಸಾವಿರದ ಮುನ್ನೂರು ಚಿತ್ರ ಆಗಿದೆ, ಮೂರು ಸಾವಿರ ಆಗಬೇಕು.

ನಿವೃತ್ತಿಗೆ ಇನ್ನು ಒಂದು ವರ್ಷ ನಾಲ್ಕು ತಿಂಗಳು. ಹೋಗುವ ಮುಂಚೆ ಏನಾದರೂ ಬೇಕೇ ಎಂದು ಮೇಡಂ ಕೇಳಿದ್ದಾರೆ. ಇನ್ನು ಮುಂದೆ ನಿಮ್ಮ ಎಣಿಕೆಯನ್ನು ಯಾರೂ ಮತ್ತೆ ಪರೀಕ್ಷಿಸುವ ಅಗತ್ಯವಿಲ್ಲ, ನೀವು ಹೇಳಿದ್ದೇ ಅಂಕಿ ಎಂದೂ ಗೌರವದಿಂದ ಹೇಳಿದ್ದಾರೆ. ಹದಿನಾಲ್ಕು ವರ್ಷದಲ್ಲಿ ಅಕ್ಕ ಮೇಡಂ ಮಾತಿಗೆ ಬೇಡ ಅಂದಿದ್ದು ಅದೊಂದೇ ಸಲವಂತೆ. ಅವರಿಗೆ ಬೇಕಿರುವುದು ಸನ್ಮಾನವಲ್ಲ, ಶಾಲೂ ಅಲ್ಲ. ಪ್ರತಿ ಹತ್ತನೇ ಪೆಟ್ಟಿಗೆಯನ್ನು ಇನ್ನೊಬ್ಬರು, ಅಕ್ಕನ ಅಂಕಿ ನೋಡದೆ, ಮತ್ತೆ ಎಣಿಸಬೇಕು. ಅಕ್ಕ ಇರುವ ತನಕ ಅಕ್ಕನದು, ಆಮೇಲೆ ಬಂದವರದು, ಯಂತ್ರದ್ದೂ ಕೂಡ.

ಹತ್ತು ಗಂಟೆಯಾಗಿದೆ. ಅಕ್ಕ ಹನ್ನೆರಡನೇ ಪೆಟ್ಟಿಗೆಯನ್ನು ಮೈಕ್ರೋಸ್ಕೋಪಿನ ಕೆಳಗೆ ಸರಿಸುತ್ತಾರೆ. ಇಷ್ಟೆಲ್ಲ ಆದ ಮೇಲೂ ನಿಮ್ಮ ಮೇಲೆ ನಿಮಗೇ ಅನುಮಾನವೇ ಎಂದು ಕೇಳಿದರೆ, ಕಣ್ಣು ಎತ್ತದೆಯೇ ಉತ್ತರ ಕೊಡುತ್ತಾರೆ.

"ಅವತ್ತು ನನ್ನ ಮೇಲೆ ಅನುಮಾನ ಬಂತು, ಅದಕ್ಕೇ ಹುಡುಕಿದ್ವಿ, ಸಿಕ್ತು. ಈಗ ಎಲ್ಲರೂ ನನ್ನನ್ನ ನಂಬಿಬಿಟ್ಟಿದ್ದಾರೆ. ನಾಳೆ ನಾನು ನಿಜವಾಗಲೂ ತಪ್ಪಿದ್ರೆ, ಯಾರು ಹೇಳ್ತಾರೆ?"